ಬಚ್ಚಲ ಬಿಸಿನೀರು ಮತ್ತು ರೈತನ ನಿದ್ದೆ

ತುಮಕೂರಿನಿಂದ ಸಿರಾ ಕಡೆಗೆ ಹೋಗುವ ಹೆದ್ದಾರಿಯ ಬದಿಯ ವಸಂತನರಸಾಪುರವು ಈಗ ಕೈಗಾರಿಕಾ ಪ್ರದೇಶವೆಂದೇ ಎಲ್ಲರಿಗೂ ಪರಿಚಿತ. 2014ರ ಸೆಪ್ಟೆಂಬರ್ 24ರಂದು ಇಲ್ಲಿ ಆಹಾರ ಪಾರ್ಕಿನ ಉದ್ಘಾಟನೆಯಾಯಿತು. ಆದರೆ ಕಾರ್ಖಾನೆಗಳ ಕಾಂಪೌಂಡಿನಾಚೆ ರಾಗಿ ಹೊಲಗಳೂ ತೆಂಗು, ಅಡಿಕೆ ತೋಟಗಳೂ ಇನ್ನೂ ಇವೆ. ಹೀಗಾಗಿ ಸುತ್ತಲಿನ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ನಡುರಾತ್ರಿಯ ಹೊತ್ತಿಗೆ ಮಗ ಕಾರ್ಖಾನೆಯ ಪಾಳಿಯಲ್ಲಿ ಎಚ್ಚರವಾಗಿರುತ್ತಾನೆ. ತಂದೆ ತ್ರೀ ಫೇಸ್ ಕರೆಂಟು ಬಂತೆಂದು ಬ್ಯಾಟರಿ ಹಿಡಿದು ತೋಟದಲ್ಲಿ ನೀರು ಕಟ್ಟುತ್ತಿರುತ್ತಾನೆ. ತಾಯಿ ಇಬ್ಬರ ದಾರಿ ನೋಡುತ್ತ ಅರೆನಿದ್ದೆಯಲ್ಲಿದ್ದು, ಡೇರಿಗೆ ಹಾಲು ಹಾಕುವ ಹೊತ್ತಿಗೆ ಮತ್ತೆ ಏಳುತ್ತಾಳೆ.

ಎರಡು ವರ್ಷದ ಹಿಂದೆ ಮಾಗಿಯಲ್ಲಿ ಅಲ್ಲಿಯ ರೈತರೊಬ್ಬರು ತಮ್ಮ ಅಡಿಕೆ ತೋಟದಲ್ಲಿ ಗರಿಗಳು ಗಿಡ್ಡವಾಗುತ್ತಿವೆ, ಹಿಡಿಮುಂಡಿಗೆ ಇರಬಹುದು, ಬಂದು ನೋಡಿ ಎಂದು ಕರೆದಿದ್ದರು. ಹೋಗಿ ನೋಡಿದರೆ ತೋಟದ ಒಂದು ಭಾಗದಲ್ಲಿ ಕಾಲು ಹೂತುಹೋಗುವಷ್ಟು ನೀರು ನಿಂತಿದೆ; ಇನ್ನೊಂದು ಭಾಗದಲ್ಲಿ ಪಾತಿಯ ಮಣ್ಣು ಬಿರುಕು ಬಿಟ್ಟಿದೆ. ರೋಗದ ಮಾತು ಆಮೇಲಾಯಿತು, ಮೊದಲು ನೀರಿನ ಲೆಕ್ಕ ಹೇಳಿ ಎಂದೆ. ಅವರು ತಲೆ ಕೆರೆದುಕೊಂಡರು.

“ರಾತ್ರಿ ಒಂದು ಗಂಟೇಲಿ ಎದ್ದು ಹೋಗ್ತೀನಿ ಸಾರ್. ಕಣ್ಣು ಬಿಟ್ಟಿರ್ತವೆ, ಬುದ್ಧಿ ಮಲಗಿರ್ತದೆ. ಈ ಕಡೆ ವಾಲ್ವ್ ತಿರುಗಿಸಿದ್ದೀನಿ ಅಂದ್ಕೊಂಡು ಮೂರು ದಿನದಿಂದ ಆ ಕಡೇದೇ ತಿರುಗಿಸಿದ್ದೀನಿ.”

ಅವರ ಮನೆಯವರು ನಡುವೆ ಬಾಯಿ ಹಾಕಿದರು. “ವಾಪಸ್ ಬಂದ್ಮೇಲೂ ನಿದ್ದೆ ಇಲ್ಲ. ಬೆಳಗಿನ ತನಕ ಹೊರಳಾಡ್ತಾರೆ. ಮೊನ್ನೆ ಮೇವು ಕತ್ತರಿಸೋ ಮಿಷನ್ನಿಗೆ ಕೈ ಕೊಡೋರು, ನಾನು ಕೂಗಿದ್ದಕ್ಕೆ ಬೆರಳು ಉಳೀತು. ಬೆಳೆಗೆ ಏನೇನೋ ಹೇಳ್ತೀರಲ್ಲ ಸಾರ್, ನಿದ್ದೆಗೆ ಏನಾದ್ರೂ ಐತಾ?”

ನಾನು ವೈದ್ಯನಲ್ಲ. ಆದರೂ ಓದಿದ್ದ ಒಂದು ಮಾತು ನೆನಪಿಗೆ ಬಂದು, “ರಾತ್ರಿ ಬಿಸಿನೀರು ಸ್ನಾನ ಮಾಡಿ ನೋಡಿ ಯಜಮಾನ್ರೇ, ಒಳ್ಳೆ ನಿದ್ದೆ ಬರುತ್ತೆ” ಎಂದು ಹೇಳಿ ಬಂದೆ. ಹದಿನೈದು ದಿನದ ನಂತರ ಮತ್ತೆ ಹೋದಾಗ ಅವರು ನಗುತ್ತಲೇ ದೂರಿದರು: “ನೀವು ಹೇಳ್ದಂಗೇ ಮಾಡ್ದೆ ಸಾರ್. ಇದ್ದ ನಿದ್ದೆನೂ ಹೋಯ್ತು.”

ಅವರು ಮಾಡಿದ್ದು ಇಷ್ಟು. ಹಂಡೆಯಲ್ಲಿ ಕುದಿಯುತ್ತಿದ್ದ ನೀರಿಗೆ ಸ್ವಲ್ಪವೇ ತಣ್ಣೀರು ಬೆರೆಸಿ, ಮೈ ಕೆಂಪೇರುವಂತೆ ಹುಯ್ದುಕೊಂಡು, ನೇರವಾಗಿ ಹೋಗಿ ಕಂಬಳಿ ಹೊದ್ದು ಮಲಗಿದ್ದಾರೆ. ಬೆವರು ಕಿತ್ತಿದೆ, ಎದೆ ಬಡಿದಿದೆ, ನಿದ್ದೆ ಹತ್ತಿರ ಸುಳಿದಿಲ್ಲ. ತಪ್ಪು ಅವರದಲ್ಲ, ನನ್ನದು. ಬೇಸಾಯಶಾಸ್ತ್ರ ಕಲಿಸುವವನು “ಯೂರಿಯಾ ಹಾಕಿ” ಎಂದಷ್ಟೇ ಹೇಳಿ ಎದ್ದು ಬರುವುದುಂಟೇ? ಎಷ್ಟು, ಯಾವಾಗ, ಹೇಗೆ ಎಂಬ ಮೂರನ್ನೂ ಹೇಳದ ಶಿಫಾರಸು ಶಿಫಾರಸೇ ಅಲ್ಲ. ಆ ಮೂರನ್ನು ಈ ಲೇಖನದಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ಮೈ ತಣಿಯುವಾಗ ನಿದ್ದೆ ಬರುತ್ತದೆ

ಹಗಲು ರಾತ್ರಿಯ ಲೆಕ್ಕ ಎಲ್ಲ ಜೀವಿಗಳಲ್ಲೂ ಇದೆ. ಸಂಜೆಯಾಗುತ್ತಲೇ ಹುಣಸೆಯ ಎಲೆಗಳು ಜೋಡಿಜೋಡಿಯಾಗಿ ಮಡಿಚಿಕೊಳ್ಳುವುದನ್ನು ತಾವೆಲ್ಲರೂ ನೋಡಿದ್ದೀರಿ. ಬೆಳಕು ಹೋದದ್ದರಿಂದ ಮಾತ್ರ ಹೀಗಾಗುತ್ತದೆಯೇ? 1729ರಲ್ಲಿ ಫ್ರಾನ್ಸಿನ ದ ಮೇರಾನ್ ಎಂಬ ವಿಜ್ಞಾನಿ ಮುಟ್ಟಿದರೆ ಮುನಿಯಂತಹ ಗಿಡವನ್ನು ಕತ್ತಲೆಯಲ್ಲಿಟ್ಟ ಪ್ರಯೋಗವನ್ನು ವರದಿ ಮಾಡಿದರು. ಬಿಸಿಲು ಕಾಣದಿದ್ದರೂ ಆ ಗಿಡ ಹಗಲಿನ ಹೊತ್ತಿಗೆ ಎಲೆ ಬಿಚ್ಚುತ್ತಿತ್ತು, ರಾತ್ರಿಯ ಹೊತ್ತಿಗೆ ಮುಚ್ಚುತ್ತಿತ್ತು. ಅಂದರೆ ಗಡಿಯಾರ ಗಿಡದ ಒಳಗೇ ಇದೆ. ಈ ಒಳಗಡಿಯಾರವು ಜೀವಕೋಶದಲ್ಲಿ ಹೇಗೆ ನಡೆಯುತ್ತದೆಂದು ತೋರಿಸಿಕೊಟ್ಟ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವರು ಕೆಲಸ ಮಾಡಿದ್ದು ಸಣ್ಣದೊಂದು ನೊಣದ ಮೇಲೆ. (ಮಾವಿನ ಕಾಯಿ ಕೊರೆಯುವ ಹಣ್ಣು ನೊಣವಲ್ಲ, ಕೊಳೆತ ಬಾಳೆಹಣ್ಣಿನ ಸುತ್ತ ಹಾರಾಡುವ ನುಸಿಯಷ್ಟು ಚಿಕ್ಕ ನೊಣ.)

ಮನುಷ್ಯನಲ್ಲಿ ಈ ಗಡಿಯಾರ ಮಾಡುವ ಕೆಲಸಗಳಲ್ಲಿ ಒಂದು, ಮೈಯ ಒಳಗಿನ ಶಾಖವನ್ನು ಏರಿಸುವುದು ಮತ್ತು ಇಳಿಸುವುದು. ಸಂಜೆ ಈ ಶಾಖ ಹೆಚ್ಚಿರುತ್ತದೆ. ರಾತ್ರಿಯಾದಂತೆ ಇಳಿಯುತ್ತ ಹೋಗಿ, ಬೆಳಗಿನ ಜಾವದಲ್ಲಿ ಅತಿ ಕಡಿಮೆಯಾಗುತ್ತದೆ. ಎರಡರ ನಡುವಿನ ವ್ಯತ್ಯಾಸ ಸುಮಾರು 1 ಡಿಗ್ರಿ ಸೆಂಟಿಗ್ರೇಡು ಮಾತ್ರ. ಆದರೆ ಈ ಇಳಿಜಾರಿನಲ್ಲಿಯೇ ನಿದ್ದೆ ಸುಲಭವಾಗಿ ಹತ್ತುವುದು. ಮೈ ತನ್ನ ಶಾಖವನ್ನು ಹೊರಕ್ಕೆ ಬಿಡುವ ಮುಖ್ಯ ಬಾಗಿಲುಗಳು ಅಂಗೈ ಮತ್ತು ಅಂಗಾಲು. ಅಲ್ಲಿಯ ರಕ್ತನಾಳಗಳು ಹಿಗ್ಗಿದಾಗ ಒಳಗಿನ ಬಿಸಿರಕ್ತ ಚರ್ಮದ ಬಳಿಗೆ ಬಂದು ತಣಿಯುತ್ತದೆ. ಕೈಕಾಲು ಬೆಚ್ಚಗಿದ್ದವರಿಗೆ ನಿದ್ದೆ ಬೇಗ ಹತ್ತುತ್ತದೆಂಬುದನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಂಶೋಧಕರು 1999ರಲ್ಲಿ ಪ್ರಕಟಿಸಿದ್ದಾರೆ.

ಬಿಸಿನೀರಿನ ಕೆಲಸವೂ ಇದೇ. ಮೈಯನ್ನು ಕಾಯಿಸಿ ನಿದ್ದೆ ತರುವುದು ಅದರ ಗುಣವಲ್ಲ. ಮೈ ತಣಿಯಲು ದಾರಿ ಮಾಡಿಕೊಡುವುದು ಅದರ ಗುಣ. ಕಣದಲ್ಲಿ ಸರಿಯಾಗಿ ಒಣಗದ ಕಾಳನ್ನು ರಾಶಿ ಹಾಕಿದರೆ ಒಳಗೆ ಕಾವೇರುತ್ತದೆ, ಹರಡಿದರೆ ತಣಿಯುತ್ತದೆ. ಬಿಸಿನೀರು ರಕ್ತವನ್ನು ಚರ್ಮದ ಉದ್ದಗಲಕ್ಕೆ ಹೀಗೆ ಹರಡುತ್ತದೆ. ನೀರಿನಿಂದ ಎದ್ದು ಬಂದ ಮೇಲೆ ಆ ಹರಡಿದ ರಕ್ತ ತಣಿಯಲು ಸಮಯ ಬೇಕು. ನಮ್ಮ ಯಜಮಾನರು ಆ ಸಮಯವನ್ನೇ ಕೊಟ್ಟಿರಲಿಲ್ಲ. ಹರಡುವ ಬದಲು ರಾಶಿಯ ಮೇಲೆ ಕಂಬಳಿ ಹೊದಿಸಿದ್ದರು.

ಇದರಲ್ಲಿ ನಮ್ಮ ಹೆಂಗಸರಿಗೆ ಹೊಸತೇನೂ ಇಲ್ಲ. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ಬಿಸಿನೀರೆರೆದು, ಮೈ ಒರೆಸಿ ತೊಟ್ಟಿಲಿಗೆ ಹಾಕಿದರೆ ಅದು ನಿದ್ದೆ ಹೋಗುವುದನ್ನು ನೋಡದ ಮನೆ ಯಾವುದು? ಬಾಣಂತಿಗೂ ಹಾಗೆಯೇ ಹಂಡೆ ನೀರು ಹುಯ್ದು ಮಲಗಿಸುತ್ತಾರೆ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಮಾರನೆಯ ಬೆಳಿಗ್ಗೆ ಎಣ್ಣೆ ನೀರು ಹಾಕಿಕೊಂಡವರಿಗೆ ಊಟವಾಗುತ್ತಲೇ ಕಣ್ಣು ಎಳೆಯುತ್ತದೆ. ಹಿರಿಯರು ಎಣ್ಣೆ ಸ್ನಾನದ ದಿನ ಹಗಲು ಮಲಗಬೇಡಿ ಎಂದು ಗದರುತ್ತಾರೆ. ಗದರಬೇಕಾಗಿ ಬಂದದ್ದೇ ಆ ಸ್ನಾನದಿಂದ ನಿದ್ದೆ ಬರುತ್ತದೆಂಬುದಕ್ಕೆ ಸಾಕ್ಷಿ. ನಾವು ಮಾಡಿರುವ ತಪ್ಪೆಂದರೆ ಬಿಸಿನೀರನ್ನೆಲ್ಲ ಬೆಳಗಿನ ಹೊತ್ತಿಗೆ ಮೀಸಲಿಟ್ಟು, ಹೊಲದಿಂದ ದಣಿದು ಬಂದ ಸಂಜೆಗೆ ತೊಟ್ಟಿಯ ತಣ್ಣೀರಲ್ಲಿ ಕಾಲು ತೊಳೆಯುವುದನ್ನು ಮಾತ್ರ ಉಳಿಸಿಕೊಂಡಿರುವುದು.

ಕಾಲ, ಪ್ರಮಾಣ, ವಿಧಾನ

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಈ ವಿಷಯದ ಮೇಲೆ ಬಂದ ಸಾವಿರಾರು ಲೇಖನಗಳನ್ನು ಜಾಲಾಡಿ, ಒಟ್ಟುಗೂಡಿಸಿ ಲೆಕ್ಕ ಹಾಕಲು ಯೋಗ್ಯವಾದ 13 ಅಧ್ಯಯನಗಳನ್ನು ಆರಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. 40ರಿಂದ 42.5 ಡಿಗ್ರಿ ಸೆಂಟಿಗ್ರೇಡು ಬಿಸಿಯ ನೀರಿನಲ್ಲಿ, ಮಲಗುವುದಕ್ಕೆ 1ರಿಂದ 2 ಗಂಟೆ ಮೊದಲು, ಕೇವಲ 10 ನಿಮಿಷ ಸ್ನಾನ ಮಾಡಿದರೂ ನಿದ್ದೆ ಹತ್ತಲು ಹಿಡಿಯುವ ಸಮಯ ಕಡಿಮೆಯಾಗುತ್ತದೆಂದು ತಿಳಿದುಬಂದಿದೆ. ಸರಾಸರಿ ಉಳಿತಾಯ ಸುಮಾರು 10 ನಿಮಿಷ. ಇಷ್ಟೇನಾ ಎನ್ನಬೇಡಿ. ಹಾಸಿಗೆಯ ಮೇಲೆ ಕಣ್ಣು ಬಿಟ್ಟುಕೊಂಡಿರುವ ಹತ್ತು ನಿಮಿಷ ಎಷ್ಟು ದೊಡ್ಡದೆಂದು ಅನುಭವಿಸಿದವರಿಗೆ ಗೊತ್ತು.

ಇದನ್ನು ನಮ್ಮ ಮನೆಗಳಿಗೆ ಹೊಂದಿಸಿಕೊಳ್ಳುವುದು ಹೇಗೆ? ರಾತ್ರಿ 9ಕ್ಕೆ ಮಲಗುವವರು 7ರಿಂದ 8ರೊಳಗೆ ಸ್ನಾನ ಮುಗಿಸಬೇಕು. ಸ್ನಾನವಾದ ಮೇಲೆ ಊಟ, ಊಟವಾದ ಮೇಲೆ ಸ್ವಲ್ಪ ಹೊತ್ತು ಜಗಲಿ. ಮೈ ಒರೆಸಿಕೊಂಡು ತೆಳುವಾದ ಬಟ್ಟೆ ಹಾಕಿಕೊಳ್ಳಬೇಕು; ಕೂಡಲೇ ಕಂಬಳಿ ಹೊದೆಯಬಾರದು.

ನೀರಿನ ಬಿಸಿ ಅಳೆಯಲು ಎಲ್ಲರ ಮನೆಯಲ್ಲೂ ಉಷ್ಣಮಾಪಕ ಇರುವುದಿಲ್ಲ. ಅದಕ್ಕೊಂದು ಸುಲಭ ಲೆಕ್ಕವಿದೆ. ಕೊಳವೆಬಾವಿಯ ನೀರು 25 ಡಿಗ್ರಿ ಇದೆಯೆಂದು ಹಿಡಿದರೆ, ನಾಲ್ಕು ಚೊಂಬು ತಣ್ಣೀರಿಗೆ ಒಂದು ಚೊಂಬು ಕುದಿಯುವ ನೀರು ಬೆರೆಸಿದಾಗ ಸುಮಾರು 40 ಡಿಗ್ರಿಯಾಗುತ್ತದೆ. ಮಾಗಿಯ ಚಳಿಯಲ್ಲಿ ತೊಟ್ಟಿ ನೀರು 20 ಡಿಗ್ರಿಗೆ ಇಳಿದಿದ್ದರೆ ಮೂರಕ್ಕೆ ಒಂದು. ಬಕೆಟ್ಟಿಗೆ ಯಾವಾಗಲೂ ಮೊದಲು ತಣ್ಣೀರು, ಅದರ ಮೇಲೆ ಬಿಸಿನೀರು ಹಾಕಬೇಕು. ಬರೀ ಕುದಿನೀರಿನ ಬಕೆಟ್ಟಿಗೆ ಮಗು ಕೈ ಹಾಕುವ ಅಪಾಯ ಇದರಿಂದ ತಪ್ಪುತ್ತದೆ. ಕೊನೆಗೆ ಮೊಣಕೈ ಅದ್ದಿ ನೋಡಬೇಕು. ದುಡಿದು ಗಟ್ಟಿಯಾದ ಅಂಗೈ ಬಿಸಿಯನ್ನು ಸರಿಯಾಗಿ ಹೇಳುವುದಿಲ್ಲ, ಮೊಣಕೈಯ ತೆಳು ಚರ್ಮ ಹೇಳುತ್ತದೆ. ಹಿತವಾಗಿರಬೇಕು, ಚುರುಕು ಮುಟ್ಟಬಾರದು.

ಇಡೀ ಸ್ನಾನಕ್ಕೆ ನೀರಿಲ್ಲ, ಸೌದೆಯಿಲ್ಲ ಎನ್ನುವವರು ಕಾಲು ನೆನೆಸಿದರೂ ಸಾಕು. ಅಗಲವಾದ ಬೇಸಿನ್ನು ಅಥವಾ ಬಕೆಟ್ಟಿನಲ್ಲಿ 8ರಿಂದ 10 ಲೀಟರು ನೀರು, ಮೀನಖಂಡದ ಅರ್ಧದವರೆಗೆ ಮುಳುಗುವಂತೆ, 10ರಿಂದ 15 ನಿಮಿಷ. ನೀರು ಆರುತ್ತ ಬಂದರೆ ಕಾಲನ್ನು ಹೊರಗೆ ತೆಗೆದು, ಅರ್ಧ ಚೊಂಬು ಬಿಸಿನೀರು ಸೇರಿಸಿ, ಮತ್ತೆ ಮೊಣಕೈಯಿಂದ ನೋಡಿ ಇಡಬೇಕು. ಅನಂತರ ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿ, ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬೇಕು. ಸಂದು ಒರೆಸದೆ ಬಿಟ್ಟರೆ ಕೆಸರಿನಲ್ಲಿ ದುಡಿಯುವವರಿಗೆ ಕೆಸರುಹುಣ್ಣು ತಪ್ಪಿದ್ದಲ್ಲ. ನೀರಿಗೆ ಉಪ್ಪು ಹಾಕಬೇಕೇ ಎಂದು ಕೇಳುವವರಿದ್ದಾರೆ. ಹಾಕಿದರೆ ತೊಂದರೆಯಿಲ್ಲ, ನಿದ್ದೆ ತರುವುದು ಉಪ್ಪಲ್ಲ, ಬಿಸಿ.

ಖರ್ಚಿನ ಮಾತು. ಒಂದು ಬಕೆಟ್, ಎಂದರೆ 18 ಲೀಟರು ನೀರನ್ನು 25ರಿಂದ 40 ಡಿಗ್ರಿಗೆ ಏರಿಸಲು ಬೇಕಾಗುವ ಶಾಖ ವಿದ್ಯುತ್ತಿನಲ್ಲಿ ಲೆಕ್ಕ ಹಾಕಿದರೆ ಒಂದು ಯೂನಿಟ್ಟಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಶಾಖದ ಹತ್ತರಲ್ಲಿ ಒಂದು ಪಾಲನ್ನು ಮಾತ್ರ ಹಂಡೆಗೆ ಕೊಟ್ಟು ಉಳಿದದ್ದನ್ನು ಗಾಳಿಗೆ ಬಿಡುವ ಹಳೆಯ ಒಲೆಯಾದರೆ ಸುಮಾರು ಮುಕ್ಕಾಲು ಕಿಲೋ ಸೌದೆ. ಈ ವಿಷಯದಲ್ಲಿ ತುಮಕೂರು ಜಿಲ್ಲೆಗೇ ಒಂದು ಚರಿತ್ರೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗದವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ಮಾಡಿಕೊಂಡು, ಸುತ್ತಲಿನ ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಸೌದೆ ಖರ್ಚಾಗುತ್ತದೆಂದು ಮನೆಮನೆಯಲ್ಲಿ ತೂಗಿ ನೋಡಿದರು. ಅಡುಗೆಯನ್ನು ಬಿಟ್ಟರೆ ಸೌದೆಯ ದೊಡ್ಡ ಖರ್ಚು ಸ್ನಾನದ ನೀರಿನದೇ ಆಗಿತ್ತು. ಸೌದೆ ಉಳಿಸುವ ‘ಅಸ್ತ್ರ ಒಲೆ’ ಮನೆಮಾತಾದದ್ದು ಆ ಕೆಲಸದಿಂದಲೇ. ತೋಟದವರಿಗೆ ತೆಂಗಿನ ಮಟ್ಟೆ, ಅಡಿಕೆ ಸಿಪ್ಪೆ ಇದ್ದೇ ಇದೆ ಎನ್ನಬಹುದು. ಆದರೆ ಅವು ಬುಡಕ್ಕೆ ಮುಚ್ಚಿಗೆಯಾಗಿಯೂ ಬೇಕಾದ ವಸ್ತುಗಳು. ಎಲ್ಲವನ್ನೂ ಒಲೆಗೆ ಹಾಕುವುದು ಬೇಸಾಯಗಾರನ ದೃಷ್ಟಿಯಿಂದ ನಷ್ಟವೇ.

ಇದಕ್ಕಿಂತ ಅಗ್ಗದ ಉಪಾಯ ನೆತ್ತಿಯ ಮೇಲೆಯೇ ಇದೆ. ಹನಿ ನೀರಾವರಿಯ ಕಪ್ಪು ಪೈಪಿನಲ್ಲಿ ನಿಂತ ನೀರು ಮಧ್ಯಾಹ್ನ ಕೈ ಸುಡುವುದನ್ನು ತೋಟದವರು ಬಲ್ಲರು. ಶುದ್ಧವಾದ ನೀರು ತುಂಬಿದ ಕಪ್ಪು ಡ್ರಮ್ಮನ್ನು ಬಿಸಿಲು ಬೀಳುವ ಮಾಳಿಗೆಯ ಮೇಲಿಟ್ಟರೆ ಸಂಜೆಗೆ ಬೆಚ್ಚಗಿನ ನೀರು ದೊರೆಯುತ್ತದೆ. ಒಲೆಯ ಮೇಲೆ ಇನ್ನು ಸ್ವಲ್ಪವೇ ಕಾಯಿಸಿದರಾಯಿತು. ಔಷಧಿ, ರಾಸಾಯನಿಕ ಬಂದ ಡ್ರಮ್ಮನ್ನು ಎಷ್ಟು ತೊಳೆದರೂ ಇದಕ್ಕೆ ಬಳಸಬಾರದು. ಸೌರ ಹೀಟರ್ ಇರುವ ಮನೆಗಳಲ್ಲಿಯೂ ನೀರು ಅತಿ ಬಿಸಿಯಾಗಿರುವುದು ಸಂಜೆಯೇ. ರಾತ್ರಿಯೆಲ್ಲ ಆರಲು ಬಿಟ್ಟು ಬೆಳಿಗ್ಗೆ ಬಳಸುವುದಕ್ಕಿಂತ ಸಂಜೆ ಬಳಸುವುದೇ ಲಾಭ.

ಎಚ್ಚರಿಕೆ ವಹಿಸಬೇಕಾದವರು

ಸಕ್ಕರೆ ಕಾಯಿಲೆ ಹಲವು ವರ್ಷದಿಂದ ಇರುವವರಿಗೆ ಅಂಗಾಲಿನ ಸ್ಪರ್ಶಜ್ಞಾನ ಕುಂದಿರಬಹುದು. ಚಪ್ಪಲಿ ಜಾರಿ ಹೋದದ್ದು ತಿಳಿಯದವರಿಗೆ ನೀರು ಸುಡುವುದೂ ತಿಳಿಯುವುದಿಲ್ಲ. ಇಂತಹವರು ಬಿಸಿನೀರಿನಲ್ಲಿ ಕಾಲು ನೆನೆಸಿ ಬೊಬ್ಬೆ ಎದ್ದು, ಅದು ಮಾಯದ ಹುಣ್ಣಾಗಿ ಕಾಲನ್ನೇ ಕಳೆದುಕೊಳ್ಳುವ ಸಂಭವವಿದೆ. ಆದುದರಿಂದ ವೈದ್ಯರನ್ನು ಕೇಳದೆ ಅವರು ಕಾಲು ನೆನೆಸಕೂಡದು. ಅವರಿಗೆ ಕಾಲುಚೀಲ ಹಾಕಿಕೊಂಡು ಮಲಗುವುದು ಕ್ಷೇಮ. ಹೃದಯದ ತೊಂದರೆ ಇರುವವರು, ರಕ್ತದೊತ್ತಡದ ಮಾತ್ರೆ ನುಂಗುವವರು, ಗರ್ಭಿಣಿಯರು ಕೂಡ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಕೇಳಿದ ಮೇಲೂ ಬಿಸಿ ಕಡಿಮೆ ಇರಲಿ, ನೀರಿನಿಂದ ಥಟ್ಟನೆ ಏಳಬಾರದು. ಹಿಗ್ಗಿದ ರಕ್ತನಾಳಗಳಿಂದ ಒತ್ತಡ ಇಳಿದು ಕಣ್ಣು ಕತ್ತಲೆ ಬಂದು ಬಚ್ಚಲಲ್ಲಿ ಬೀಳುವುದುಂಟು. ಕಾಲಲ್ಲಿ ಗಾಯ, ಕೀವು ಇದ್ದರೆ ಅದು ಮಾಯುವವರೆಗೆ ಬೇಡ.

ಔಷಧಿ ಸಿಂಪಡಿಸಿದ ದಿನದ ಕ್ರಮವೇ ಬೇರೆ. ಇದನ್ನು ನಾನು ಒತ್ತಿ ಹೇಳಬೇಕಾಗಿದೆ. ಬಿಸಿನೀರು ಚರ್ಮಕ್ಕೆ ರಕ್ತವನ್ನು ಎಳೆಯುತ್ತದೆ ಎಂದೆನಷ್ಟೆ. ಮೈಮೇಲೆ ಕೀಟನಾಶಕ ಉಳಿದಿದ್ದಾಗ ಹೀಗಾದರೆ ವಿಷ ಒಳಕ್ಕಿಳಿಯಲು ನಾವೇ ಅನುಕೂಲ ಮಾಡಿಕೊಟ್ಟಂತೆ. ಸಿಂಪರಣೆ ಮುಗಿದ ಕೂಡಲೇ ಬಟ್ಟೆ ಕಳಚಿ, ತಣ್ಣೀರು ಮತ್ತು ಸೋಪಿನಿಂದ ತಲೆಯಿಂದ ಪಾದದವರೆಗೆ ತೊಳೆದುಕೊಳ್ಳಬೇಕು. ಸಂಜೆಯ ಬಿಸಿನೀರಿನವರೆಗೆ ಕಾಯುವಂತಿಲ್ಲ.

ನೀರು ಕಾಯಿಸುವ ವಿಧಾನದಲ್ಲೂ ಪ್ರಾಣಾಪಾಯವಿದೆ. ಬಕೆಟ್ಟಿಗೆ ಇಳಿಬಿಟ್ಟ ವಿದ್ಯುತ್ ರಾಡಿನ ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತ ಮೇಲೆಯೇ ನೀರು ಮುಟ್ಟಬೇಕು. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಿದರೆ ಇಂಗಾಲದ ಮೊನಾಕ್ಸೈಡ್ ಎಂಬ ಅನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆಂದು ಹೋದವರು ಅಲ್ಲೇ ಸತ್ತ ಪ್ರಸಂಗಗಳು ನಮ್ಮ ರಾಜ್ಯದಲ್ಲಿ ನಡೆದಿವೆ. ಚಳಿಗೆಂದು ಕೆಂಡದ ಬಾಣಲೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗುವುದೂ ಇದೇ ಅಪಾಯ.

ಮೈ ಸಡಿಲಿಸುವ ಅಭ್ಯಾಸ

ದಣಿದವನಿಗೆ ನಿದ್ದೆ ತಾನಾಗಿ ಬರಬೇಕಲ್ಲ ಎಂದು ಹಲವರು ಕೇಳುತ್ತಾರೆ. ದಣಿವು ಬೇರೆ, ಸಡಿಲ ಬೇರೆ. ಇಡೀ ದಿನ ಗುದ್ದಲಿ ಹಿಡಿದವನ ಭುಜ, ಸೊಂಟ, ದವಡೆ ಹಾಸಿಗೆಯ ಮೇಲೂ ಬಿಗಿದೇ ಇರುತ್ತವೆ. ಬಿಗಿದಿರುವುದು ಅವನ ಗಮನಕ್ಕೇ ಬರುವುದಿಲ್ಲ. ಇದಕ್ಕೆ ಚಿಕಾಗೋ ನಗರದ ವೈದ್ಯ ಜೇಕಬ್‌ಸನ್ 1920ರ ದಶಕದಲ್ಲಿಯೇ ಒಂದು ಕ್ರಮ ಹೇಳಿದ್ದಾರೆ. ಬಿಗಿಯನ್ನು ಮೊದಲು ಬೇಕೆಂದೇ ಹೆಚ್ಚಿಸಿ ಆಮೇಲೆ ಬಿಡುವುದು.

ಅಂಗಾತ ಮಲಗಿ. ಎರಡೂ ಪಾದದ ಬೆರಳುಗಳನ್ನು ಮಡಿಚಿ ಐದು ಎಣಿಸುವವರೆಗೆ ಬಿಗಿ ಹಿಡಿದು ಒಮ್ಮೆಲೇ ಬಿಟ್ಟುಬಿಡಿ. ಹದಿನೈದು ಎಣಿಸುವವರೆಗೆ ಸುಮ್ಮನಿದ್ದು, ಬಿಟ್ಟ ಮೇಲೆ ಹೇಗಿದೆಯೆಂದು ಗಮನಿಸಿ. ಅನಂತರ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಭುಜ, ಕೊನೆಗೆ ದವಡೆ ಮತ್ತು ಹಣೆ. ಭುಜವನ್ನು ಕಿವಿಯವರೆಗೆ ಎತ್ತಿ ಬಿಡುವಾಗ ಹೊರೆ ಇಳಿಸಿದ ಹಾಗಾಗುತ್ತದೆ. ನೋವಿರುವ ಜಾಗವನ್ನು ಬಿಗಿಯಬಾರದು. ಉಸಿರನ್ನು ಮೂಗಿನಲ್ಲಿ ಮೆಲ್ಲಗೆ ಎಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಿಡಬೇಕು. ಮೊದಲ ದಿನವೇ ಫಲ ಬರಲಿಲ್ಲವೆಂದು ಬಿಡಬೇಡಿ. ಎತ್ತಿಗೆ ನೊಗ ಕಲಿಸಲು ಎಷ್ಟು ದಿನ ಬೇಕು?

ಮೈಗಿಂತ ಮನಸ್ಸಿನ ಬಿಗಿ ಕಷ್ಟದ್ದು. ಸೊಸೈಟಿ ಸಾಲದ ಕಂತು, ನಾಳೆ ಬರುವ ಆಳುಗಳು, ಮಗಳ ಫೀಜು, ಎಲ್ಲವೂ ದೀಪ ಆರಿಸಿದ ಕೂಡಲೇ ಎದ್ದು ಕೂರುತ್ತವೆ. 2018ರಲ್ಲಿ ಅಮೆರಿಕದಲ್ಲಿ 57 ಮಂದಿಯ ಮೇಲೆ ನಡೆಸಿದ ಒಂದು ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಮಲಗುವ ಮೊದಲು ಐದು ನಿಮಿಷ ಕುಳಿತು ಮುಂದೆ ಮಾಡಬೇಕಾದ ಕೆಲಸಗಳನ್ನು ಕಾಗದದ ಮೇಲೆ ಬರೆದವರಿಗೆ, ಆಗಿಹೋದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ದೆ ಬಂತು. ಎಷ್ಟು ವಿವರವಾಗಿ ಬರೆದರೋ ಅಷ್ಟು ಬೇಗ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯೇ ಇದಕ್ಕೆ ಸಾಕು. ಸಾಲದ ಮಾತನ್ನು ಗಂಡಹೆಂಡಿರು ಜಗಲಿಯ ಮೇಲೆ ಕುಳಿತು ಆಡಿ ಮುಗಿಸಬೇಕು, ಹಾಸಿಗೆಗೆ ತರಬಾರದು. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಹೋಗಿ ಮಂದ ಬೆಳಕಿನಲ್ಲಿ ಸುಮ್ಮನೆ ಕುಳಿತು, ಕಣ್ಣು ಎಳೆದಾಗ ಮರಳಬೇಕು. ಹಾಸಿಗೆಯ ಮೇಲೆ ಹೊರಳಾಡಿದಷ್ಟೂ ಹಾಸಿಗೆಯೆಂದರೆ ಹೊರಳಾಟವೆಂಬ ಅಭ್ಯಾಸ ಬೇರೂರುತ್ತದೆ. ಮೊಬೈಲು ಈ ಹೊತ್ತಿನಲ್ಲಿ ಕೈಗೆ ಬರಬಾರದು.

ಕಾಫಿ, ಟೀ ಸಂಜೆ ನಾಲ್ಕರ ನಂತರ ಬೇಡ. ಕುಡಿದ ಐದು ಗಂಟೆಯ ನಂತರವೂ ಅದರ ಉತ್ತೇಜಕದ ಅರ್ಧದಷ್ಟು ರಕ್ತದಲ್ಲಿ ಉಳಿದಿರುತ್ತದೆ. ಹೊಗೆಸೊಪ್ಪು, ಬೀಡಿಯೂ ಎಚ್ಚರಿಸುವ ಪದಾರ್ಥಗಳೇ. ಅಡಿಕೆ ಬೆಳೆಯುವ ಜಿಲ್ಲೆಯಲ್ಲಿ ನಿಂತು ಹೇಳುವುದು ಕಷ್ಟ, ಆದರೂ ಊಟದ ನಂತರದ ಎಲೆ ಅಡಿಕೆಯೂ ಅದೇ ಗುಂಪಿಗೆ ಸೇರಿದೆ. ಹೆಂಡ, ಸಾರಾಯಿ ಕಣ್ಣು ಮುಚ್ಚಿಸುತ್ತವೆ ನಿಜ. ನಡುರಾತ್ರಿಯಲ್ಲಿ ಎಬ್ಬಿಸಿ ಕೂರಿಸುವುದೂ ಅವೇ.

ಕರೆಂಟು ರಾತ್ರಿ ಬರುವ ದಿನಗಳಲ್ಲಿ

ಇಷ್ಟು ಹೇಳಿದ ಮೇಲೂ ವಸಂತನರಸಾಪುರದ ಯಜಮಾನರ ಮುಖ್ಯ ಪ್ರಶ್ನೆ ಉಳಿದೇ ಇತ್ತು. ಒಂದು ಗಂಟೆಗೆ ಎದ್ದು ಹೋಗಬೇಕಾದವನಿಗೆ ಬಿಸಿನೀರು ಏನು ಮಾಡೀತು? ಪ್ರಾಮಾಣಿಕವಾಗಿ ಹೇಳುವುದಾದರೆ, ರಾತ್ರಿಯ ಕರೆಂಟು ಕೆಡಿಸುವ ನಿದ್ದೆಯನ್ನು ಒಂದು ಬಕೆಟ್ ನೀರು ಪೂರ್ತಿ ಸರಿಪಡಿಸಲಾರದು. ನಷ್ಟವನ್ನು ಸ್ವಲ್ಪ ತಗ್ಗಿಸಬಹುದು.

ನಾವಿಬ್ಬರೂ ಕುಳಿತು ಹಾಕಿಕೊಂಡ ಕ್ರಮ ಹೀಗಿತ್ತು. ಸಂಜೆ 6.30ಕ್ಕೆ ಬಿಸಿನೀರು, 7ಕ್ಕೆ ಮುದ್ದೆ ಊಟ, 8.15ಕ್ಕೆಲ್ಲ ಹಾಸಿಗೆ. ಒಂದು ಗಂಟೆಗೆ ಏಳುವಷ್ಟರಲ್ಲಿ ನಾಲ್ಕೂವರೆ ಗಂಟೆಗಳ ನಿದ್ದೆ ಆಗಿರುತ್ತದೆ. ಹಿಂದಿನ ಸಂಜೆಯೇ ತೋಟಕ್ಕೆ ಹೋಗಿ, ತೆರೆಯಬೇಕಾದ ವಾಲ್ವಿಗೆ ಬಿಳಿಯ ಬಟ್ಟೆ ಕಟ್ಟಿ ಬರಬೇಕು. ಮಲಗಿದ ಬುದ್ಧಿಗೆ ರಾತ್ರಿ ಲೆಕ್ಕ ಹಾಕುವ ಕೆಲಸ ಕೊಡಬಾರದು. ಮರಳಿ ಬಂದಾಗ ಕಾಲು ಒದ್ದೆಯಾಗಿ ತಣ್ಣಗಿರುತ್ತವೆ. ಅಂಗಾಲಿನ ರಕ್ತನಾಳಗಳು ಮುದುಡಿ, ಶಾಖ ಬಿಡುವ ಬಾಗಿಲು ಮುಚ್ಚಿರುತ್ತದೆ. ಅವರು ಬೆಳಗಿನವರೆಗೆ ಹೊರಳಾಡುತ್ತಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು. ಸಂಜೆ ಕಾಸಿದ ಹಂಡೆಯ ಕೆಳಗೆ ಕೆಂಡವನ್ನು ಬೂದಿಯಿಂದ ಮುಚ್ಚಿಟ್ಟರೆ ನಡುರಾತ್ರಿಯಲ್ಲೂ ನೀರು ಬೆಚ್ಚಗಿರುತ್ತದೆ. ಆ ನೀರಿನಲ್ಲಿ ಕೆಸರು ತೊಳೆದು, ಐದು ಹತ್ತು ನಿಮಿಷ ಪಾದ ನೆನೆಸಿ, ಒರೆಸಿ, ಕಾಲಿಗೆ ಮಾತ್ರ ಕಂಬಳಿ ಹೊದ್ದು ಮಲಗಬೇಕು. ಈ ಹೊತ್ತಿನಲ್ಲಿ ಇಡೀ ಮೈಗೆ ಬಿಸಿನೀರು ಬೇಡ, ತಣಿಯಲು ಸಮಯವಿಲ್ಲ. ದೊಡ್ಡ ದೀಪ ಹಾಕಬಾರದು. ಮಧ್ಯಾಹ್ನ ಮೂರರೊಳಗೆ ಇಪ್ಪತ್ತರಿಂದ ಮೂವತ್ತು ನಿಮಿಷದ ನಿದ್ದೆ ತೆಗೆಯಬಹುದು.

ಆದರೆ ಹೆಚ್ಚಿನ ಫಲ ಕೊಟ್ಟದ್ದು ಇದಾವುದೂ ಅಲ್ಲ, ಅವರ ಮನೆಯವರ ತಲೆಗೆ ಹೊಳೆದ ಒಂದು ಯೋಚನೆ. “ಕಳೆ ಕೀಳೋಕೆ, ಕುಯ್ಲಿಗೆ ಮುಯ್ಯಾಳು ಹೋಗ್ತೀವಲ್ಲ, ನೀರು ಕಟ್ಟೋಕೆ ಯಾಕೆ ಹೋಗಬಾರದು?” ಪಕ್ಕದ ತೋಟದ ಇಬ್ಬರನ್ನು ಸೇರಿಸಿಕೊಂಡು ಮೂವರೂ ಸರದಿ ಮಾಡಿಕೊಂಡರು. ಒಬ್ಬ ಎದ್ದ ರಾತ್ರಿ ಮೂರು ಮೋಟಾರನ್ನೂ ಅವನೇ ನೋಡಿಕೊಳ್ಳುತ್ತಾನೆ, ಉಳಿದಿಬ್ಬರು ಮಲಗುತ್ತಾರೆ. ಮೂರರಲ್ಲಿ ಎರಡು ರಾತ್ರಿಯ ಪೂರ್ತಿ ನಿದ್ದೆ! ನನ್ನ ಬಿಸಿನೀರಿಗಿಂತ ಇದು ದೊಡ್ಡ ಮದ್ದು ಎಂದು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಒಬ್ಬರೇ ತೋಟದವರಾದರೆ ಮೊಬೈಲಿನಿಂದ ನಡೆಸುವ ಸ್ಟಾರ್ಟರು, ಹನಿ ನೀರಾವರಿ ಇವುಗಳ ಬಗ್ಗೆ ವಿಚಾರಿಸಬಹುದು. ಬಾವಿ ಬತ್ತಿದಾಗ ಮತ್ತು ಒಂದು ಫೇಸ್ ಹೋದಾಗ ಮೋಟಾರನ್ನು ತಾನಾಗಿ ನಿಲ್ಲಿಸುವ ರಕ್ಷಣೆ ಸ್ಟಾರ್ಟರಿನಲ್ಲಿ ಇರಲೇಬೇಕು. ಪಂಪುಸೆಟ್ಟಿಗೆ ಸೌರಶಕ್ತಿಯಿಂದ ಹಗಲಿನಲ್ಲೇ ವಿದ್ಯುತ್ ಕೊಡುವ ಉದ್ದೇಶದ ಪಿಎಂ ಕುಸುಮ್ ಯೋಜನೆ 2019ರಲ್ಲಿ ಆರಂಭವಾಗಿದೆ. ಹಗಲು ವಿದ್ಯುತ್ತನ್ನು ನೀರಿನ ಅನುಕೂಲವೆಂದು ಮಾತ್ರ ಎಣಿಸುವುದು ವಾಡಿಕೆ. ನಿದ್ದೆಯನ್ನೂ ಆ ಲೆಕ್ಕಕ್ಕೆ ಸೇರಿಸಬೇಕೆಂದು ನನ್ನ ಅಭಿಪ್ರಾಯ.

ರಾತ್ರಿ ಪಾಳಿ ಮುಗಿಸಿ ಬರುವ ಮಕ್ಕಳಿಗೂ ಕ್ರಮ ಇದೇ, ಗಂಟೆ ಮಾತ್ರ ಬೇರೆ. ಬಂದ ಕೂಡಲೇ ಬೆಚ್ಚಗಿನ ಸ್ನಾನ, ಲಘುವಾದ ತಿಂಡಿ, ಒಂದು ಗಂಟೆ ಬಿಟ್ಟು ನಿದ್ದೆ. ಕಿಟಕಿಗೆ ದಪ್ಪ ಗೋಣಿತಾಟು ಕಟ್ಟಿ ಕೋಣೆಯನ್ನು ಕತ್ತಲೆ ಮಾಡಬೇಕು. ಹಗಲು ಮಲಗಿದವನನ್ನು ಸೋಮಾರಿಯೆಂದು ಎಬ್ಬಿಸಿ ಮೇವಿಗೆ ಕಳಿಸುವ ಹಿರಿಯರು, ತಮ್ಮನ್ನು ರಾತ್ರಿ ಎರಡಕ್ಕೆ ಎಬ್ಬಿಸಿದರೆ ಹೇಗಿರುತ್ತದೆಂದು ಯೋಚಿಸಬೇಕು.

ವೈದ್ಯರ ಬಳಿ ಯಾವಾಗ

ವಾರದಲ್ಲಿ ಕನಿಷ್ಠ ಮೂರು ರಾತ್ರಿ ನಿದ್ದೆ ಬಾರದಿದ್ದು, ಅದು ಮೂರು ತಿಂಗಳು ಮುಂದುವರಿದರೆ ಅದನ್ನು ಕಾಯಿಲೆಯೆಂದೇ ತಿಳಿಯಬೇಕು. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಂತು ಬೆಚ್ಚಿ ಏಳುವವರು, ಹಗಲು ಟ್ರ್ಯಾಕ್ಟರಿನ ಮೇಲೆ ತೂಕಡಿಸುವವರು ಅಷ್ಟು ದಿನವೂ ಕಾಯಬಾರದು. ನಿದ್ದೆ ಮಾತ್ರೆಯನ್ನು ಸ್ವಂತಕ್ಕೆ ಕೊಂಡು ನುಂಗಬಾರದು. ವೈದ್ಯರ ಬಳಿಗೆ ಹೋಗುವಾಗ ಹದಿನೈದು ದಿನ ಮಲಗಿದ ಗಂಟೆ, ಎದ್ದ ಗಂಟೆ, ಕರೆಂಟಿಗೆ ಎದ್ದ ರಾತ್ರಿ ಇವುಗಳನ್ನು ಬರೆದಿಟ್ಟ ಹಾಳೆಯನ್ನು ತೆಗೆದುಕೊಂಡು ಹೋದರೆ ಅವರಿಗೆ ಅನುಕೂಲ.

ಬೆಳೆ ಹೋದದ್ದು, ಸಾಲ ಏರಿದ್ದು ಇವುಗಳ ಚಿಂತೆಯಲ್ಲಿ ನಿದ್ದೆ ಬಿಟ್ಟು, ಬದುಕೇ ಬೇಡವೆನ್ನುವ ಯೋಚನೆ ಯಾರಿಗಾದರೂ ಬರುತ್ತಿದ್ದರೆ ಅಲ್ಲಿ ಬಿಸಿನೀರಿನ ಮಾತು ಆಡಬಾರದು. ಅವರನ್ನು ರಾತ್ರಿ ಒಂಟಿಯಾಗಿ ಬಿಡಬಾರದು. ಮನೆಯಲ್ಲಿರುವ ಕೀಟನಾಶಕದ ಡಬ್ಬಿಗಳನ್ನು ಅವರ ಕೈಗೆ ಸಿಗದಂತೆ ಬೀಗ ಹಾಕಿಡಬೇಕು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತನಾಡಬಹುದು, ರಾತ್ರಿ ಎರಡು ಗಂಟೆಗೂ ಉತ್ತರಿಸುತ್ತಾರೆ.